ದುಡ್ಡು ಕಟ್ಟುವ ಮುಂಚೆ ಕೇಳಿ: ಕೊಲೊಸಿಯಂ ಒಳಗೋ, ಹೊರಗೋ?

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯವರೇ ಹೆಚ್ಚಿದ್ದ ಒಂದು ಯುರೋಪ್ ಪ್ಯಾಕೇಜ್ ತಂಡ ರೋಮಿನಲ್ಲಿ ಪ್ರಾಚೀನ ಬಯಲು ರಂಗಮಂದಿರ ಕೊಲೊಸಿಯಂ ಎದುರು ಬಸ್ಸಿಂದ ಇಳಿಯಿತು. ಹೊರಗಿಂದ ಫೋಟೋ ಆಯ್ತು, ಅರ್ಧ ಗಂಟೆಯೊಳಗೆ ‘ಬಸ್ ಹತ್ತಿ’ ಅಂದರು. ಒಳಗೆ ಹೋಗೋದು ಯಾವಾಗ ಅಂತ ಜಗಳಕ್ಕೆ ನಿಂತವರಿಗೆ ಟೂರ್ ಮ್ಯಾನೇಜರ್ ತೋರಿಸಿದ್ದು ಅವರೇ ಸಹಿ ಹಾಕಿ ಕೊಟ್ಟಿದ್ದ ಕಾರ್ಯಕ್ರಮ ಪಟ್ಟಿ. ‘ಕೊಲೊಸಿಯಂ, ಫೋಟೋ ಸ್ಟಾಪ್’ ಎಂದು ಅದರಲ್ಲೇ ಇತ್ತು. ಬಿಡುವಿನ ಹೊತ್ತಲ್ಲಿ ಸ್ವಂತವಾಗಿ ಹೋಗ್ತೀವಿ ಅಂತ ಇಬ್ಬರು ಮೊಬೈಲಿನಲ್ಲಿ ಟಿಕೆಟ್ ತೆಗೆದರು. ಟಿಕೆಟ್ಟಿನಲ್ಲಿ ಇನಿಷಿಯಲ್ ಜೊತೆ ಕರೆಯುವ ಹೆಸರು, ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಸೇರಿದ ಉದ್ದದ ಹೆಸರು. ಗೇಟಿನಲ್ಲಿ ಬಿಡಲಿಲ್ಲ. ವ್ಯಾಟಿಕನ್‌ಗೆ ಕರೆದುಕೊಂಡು ಹೋದದ್ದು ಭಾನುವಾರ, ಮ್ಯೂಸಿಯಂ ಬಾಗಿಲು ಹಾಕಿತ್ತು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ. ಅವತ್ತೂ ರಜೆ.

ಪಟ್ಟಿ ಇಟ್ಟುಕೊಂಡು ನೋಡಿದರೆ ಏಜೆಂಟ್ ಬರೆದುಕೊಟ್ಟ ಒಂದು ಸಾಲೂ ಸುಳ್ಳಲ್ಲ ಅನ್ನೋದೇ ಹೊಟ್ಟೆ ಉರಿಸುವ ವಿಷಯ. ಇವರ ಪ್ರವಾಸ ಕೆಟ್ಟದ್ದು ರೋಮಿನಲ್ಲೂ ಅಲ್ಲ, ಪ್ಯಾರಿಸ್ಸಿನಲ್ಲೂ ಅಲ್ಲ. ಹಾಸನದಲ್ಲಿ, ಅಡ್ವಾನ್ಸ್ ಕಟ್ಟಿದ ದಿನವೇ ಕೆಟ್ಟಿತ್ತು. ಕಾಫಿ ಮಾರಿದ ದುಡ್ಡು ಕೈಗೆ ಬಂದು, ಮಕ್ಕಳಿಗೆ ರಜೆ ಶುರುವಾಗುವ ಹೊತ್ತಿಗೆ ವಾಟ್ಸಾಪಿನಲ್ಲಿ ಟೂರ್ ಪೋಸ್ಟರುಗಳ ಸುರಿಮಳೆ ಆಗುತ್ತದೆ. ಹಾಗಾಗಿ ಈಗಲೇ ಹೇಳುತ್ತಿದ್ದೇವೆ.

ಮೊದಲು ಪಟ್ಟಿಯ ಭಾಷೆ. ‘ಫೋಟೋ ಸ್ಟಾಪ್’ ಅಂದರೆ ಬಸ್ಸಿಳಿದು ಹೊರಗಿಂದ ನೋಡುವುದು. ‘ಪನೋರಮಿಕ್ ಟೂರ್’ ಅಂದರೆ ಬಹುತೇಕ ಬಸ್ಸಿನ ಕಿಟಕಿಯಿಂದಲೇ. ‘ಓರಿಯಂಟೇಶನ್’ ಅಂದರೆ ಗೈಡ್ ಕೈ ತೋರಿಸುತ್ತಾ ಮುಂದೆ ನಡೆಯುತ್ತಾನೆ, ಅಷ್ಟೆ. ‘ಎಂಟ್ರೆನ್ಸ್ ಇನ್‌ಕ್ಲೂಡೆಡ್’ ಎಂದು ಆ ಜಾಗದ ಹೆಸರಿನ ಪಕ್ಕದಲ್ಲೇ ಬರೆದಿದ್ದರೆ ಮಾತ್ರ ಒಳಗೆ ಬಿಡುತ್ತಾರೆ. ಪೋಸ್ಟರಿನಲ್ಲಿ ಕೊಲೊಸಿಯಂ ಒಳಾಂಗಣದ ಫೋಟೋ ಹಾಕಿರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏಜೆಂಟರಿಗೆ ವಾಟ್ಸಾಪಿನಲ್ಲಿ, ಫೋನಿನಲ್ಲಲ್ಲ, ಮೂರು ಪ್ರಶ್ನೆ ಕಳಿಸಿ: ಯಾವ ಯಾವ ಜಾಗಕ್ಕೆ ಒಳಗಿನ ಟಿಕೆಟ್ ಇದೆ? ಅಲ್ಲಿಗೆ ಹೋಗುವ ದಿನ ಯಾವ ವಾರ? ಒಳಗೆ ಎಷ್ಟು ಹೊತ್ತು? ಉತ್ತರ ಬರಹದಲ್ಲೇ ಬರಲಿ. ಲೂವ್ರ್‌ಗೆ ‘ಒಂದು ಗಂಟೆ’ ಅಂತ ಬಂದರೆ ಸೆಕ್ಯುರಿಟಿ ದಾಟಿ, ಮೊನಾಲಿಸಾ ಮುಂದಿನ ಗುಂಪಿನಲ್ಲಿ ನಿಂತು ವಾಪಸ್ ಬರಲು ಮಾತ್ರ ಸಾಕಾಗುತ್ತದೆ ಎಂದು ತಿಳಿಯಿರಿ.

ವಾರದ ರಜೆಗಳು ಕಷ್ಟದ ವಿದ್ಯೆಯೇನಲ್ಲ, ಆದರೂ ಏಜೆಂಟರು ಹೋಟೆಲ್ ಸಿಕ್ಕ ಹಾಗೆ ದಿನ ಹೊಂದಿಸುತ್ತಾರೆ. ಲೂವ್ರ್ ಮಂಗಳವಾರ ಮುಚ್ಚಿರುತ್ತದೆ. ಪ್ಯಾರಿಸ್ ಬಳಿಯ ವರ್ಸೈ ಅರಮನೆ, ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂ, ಫ್ಲಾರೆನ್ಸಿನ ಉಫೀಝಿ ಸೋಮವಾರ ಇರುವುದಿಲ್ಲ. ಇಸ್ತಾಂಬುಲ್‌ನ ಟೋಪ್‌ಕಪಿ ಅರಮನೆಗೆ ಮಂಗಳವಾರ ರಜೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಇಲ್ಲ. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ 2ರವರೆಗೆ ಉಚಿತವಾಗಿ ತೆರೆದಿರುತ್ತದೆ, ಆ ದಿನದ ಕ್ಯೂ ನೋಡಿದರೆ ದುಡ್ಡು ಕೊಟ್ಟು ಬೇರೆ ದಿನ ಹೋಗುವುದೇ ಲೇಸು.

ಇನ್ನು ಹೆಸರಿನ ವಿಷಯ. ನಮ್ಮ ಕಡೆಯವರಿಗೆ ಹೆಚ್ಚು ಏಟು ಬೀಳುವುದು ಇಲ್ಲೇ. ಕೊಲೊಸಿಯಂ ಟಿಕೆಟ್ 2023ರ ಅಕ್ಟೋಬರಿನಿಂದ ವ್ಯಕ್ತಿಯ ಹೆಸರಿನಲ್ಲೇ ಕೊಡುತ್ತಾರೆ, ಗೇಟಿನಲ್ಲಿ ಗುರುತಿನ ದಾಖಲೆ ಕೇಳುತ್ತಾರೆ. ಇಟಲಿಯದೇ ಪುರಾತನ ಪಾಳುನಗರ ಪೊಂಪೇಯಲ್ಲಿ 2024ರ ನವೆಂಬರಿನಿಂದ ಇದೇ ನಿಯಮ, ದಿನಕ್ಕೆ 20,000 ಜನರ ಮಿತಿಯೂ ಬಂದಿದೆ. ಬ್ಲ್ಯಾಕಿನಲ್ಲಿ ಮಾರುವವರನ್ನು ತಡೆಯಲು ತಂದ ವ್ಯವಸ್ಥೆ ಇದು, ಒಳ್ಳೆಯದೇ. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ ‘ಎಚ್.ಎಸ್. ಮಂಜುನಾಥ’ ಇದ್ದವರು ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿರುತ್ತಾರೆ, ಮೂರು ಪದಗಳೂ ‘ಗಿವನ್ ನೇಮ್’ ಸಾಲಿನಲ್ಲಿ, ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಫಾರ್ಮು ಸರ್‌ನೇಮ್ ಇಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಆಗ ಒಬ್ಬರು ಅಲ್ಲಿ ‘ಎಚ್ ಎಸ್’ ಹಾಕುತ್ತಾರೆ, ಇನ್ನೊಬ್ಬರು ‘ಗೌಡ’ ಅಂತ ಹಾಕುತ್ತಾರೆ, ಮತ್ತೊಬ್ಬರು ಒಂದು ಚುಕ್ಕಿ ಇಟ್ಟು ಮುಗಿಸುತ್ತಾರೆ. ಪಾಸ್‌ಪೋರ್ಟಿನಲ್ಲಿ ಇಲ್ಲದ ‘ಗೌಡ’ರನ್ನು ಇಟಲಿಯ ಕಾವಲುಗಾರ ಯಾಕೆ ನಂಬಬೇಕು?

ಹೀಗೆ ಮಾಡಿ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತವಲ್ಲ, ಅದರಲ್ಲಿರುವ ಸ್ಪೆಲಿಂಗನ್ನು ಅಕ್ಷರ ಅಕ್ಷರ ನೋಡಿ ನಕಲು ಮಾಡಿ. ಸರ್‌ನೇಮ್ ಖಾಲಿ ಇದ್ದರೆ ಹೆಸರಿನ ಕೊನೆಯ ಪದ ಸರ್‌ನೇಮ್ ಕಾಲಮ್ಮಿಗೆ, ಉಳಿದದ್ದು ಮೊದಲ ಕಾಲಮ್ಮಿಗೆ. ಎಲ್ಲ ಮ್ಯೂಸಿಯಂ ಟಿಕೆಟ್ಟಿಗೂ ಇದೊಂದೇ ರೀತಿ ಇರಲಿ. ಪಾಸ್‌ಪೋರ್ಟಿನಲ್ಲಿ ಒಟ್ಟು ಒಂದೇ ಪದದ ಹೆಸರಿರುವವರು (ಹಳೆಯ ತಲೆಮಾರಿನ ಹೆಂಗಸರಲ್ಲಿ ಇದು ಸಾಮಾನ್ಯ) ದುಬೈ ಮೂಲಕ ಹೋಗುವ ಯೋಚನೆ ಇದ್ದರೆ ಮೊದಲೇ ವಿಚಾರಿಸಬೇಕು. ಒಂದೇ ಪದದ ಹೆಸರಿನ ಪ್ರವಾಸಿಗಳಿಗೆ 2022ರ ನವೆಂಬರಿನಿಂದ ಯುಎಇ ತಡೆ ಹಾಕಿದೆ. ಪಾಸ್‌ಪೋರ್ಟ್ ತಿದ್ದಿಸಿಕೊಂಡೇ ಹೊರಡುವುದು ನೆಮ್ಮದಿ.

ಹಳೆಯ ಪಟ್ಟಿಯನ್ನೇ ವರ್ಷ ವರ್ಷ ಕಾಪಿ ಮಾಡಿ ಕೊಡುವುದು ಇನ್ನೊಂದು ಕಾಟ. ಈಜಿಪ್ಟ್ ಪ್ಯಾಕೇಜಿನಲ್ಲಿ ‘ಕೈರೋ ಮ್ಯೂಸಿಯಂ, ತುತನ್‌ಖಾಮನ್ (ಪ್ರಾಚೀನ ಈಜಿಪ್ಟಿನ ರಾಜ) ಚಿನ್ನದ ಮುಖವಾಡ’ ಎಂದಿದ್ದರೆ ಯಾವ ಮ್ಯೂಸಿಯಂ ಅಂತ ಕೇಳಲೇಬೇಕು. ತಹರೀರ್ ಚೌಕದ ಹಳೆಯ ಮ್ಯೂಸಿಯಂ ಬೇರೆ. ತುತನ್‌ಖಾಮನ್ ಸಂಗ್ರಹ ಈಗಿರುವುದು ಗಿಜಾ ಪಿರಮಿಡ್ಡುಗಳ ಹತ್ತಿರ 2025ರ ನವೆಂಬರಿನಲ್ಲಿ ಪೂರ್ತಿಯಾಗಿ ತೆರೆದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನಲ್ಲಿ. ರಾಜರ ಮಮ್ಮಿಗಳು 2021ರ ಏಪ್ರಿಲ್‌ನಲ್ಲೇ ಕೈರೋದ ಫುಸ್ತಾತ್ ಪ್ರದೇಶದ ಮೂರನೇ ಮ್ಯೂಸಿಯಂಗೆ ಹೋದವು. ಮೂರೂ ಬೇರೆ ಬೇರೆ ಕಡೆ, ಮೂರಕ್ಕೂ ಬೇರೆ ಟಿಕೆಟ್. ಲಕ್ಸರ್‌ನ ರಾಜರ ಕಣಿವೆಯಲ್ಲೂ ಸಾಮಾನ್ಯ ಟಿಕೆಟ್ಟಿಗೆ ಮೂರು ಸಮಾಧಿ ಮಾತ್ರ ನೋಡಲು ಸಿಗುತ್ತವೆ. ತುತನ್‌ಖಾಮನ್, ಒಂದನೇ ಸೇತಿ ಸಮಾಧಿಗಳಿಗೆ ಪ್ರತ್ಯೇಕ ದುಡ್ಡು. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಮಸೀದಿ ‘ಉಚಿತ’ ಎಂದು ಈಗಲೂ ಬರೆಯುವವರಿದ್ದಾರೆ. 2024ರ ಜನವರಿಯಿಂದ ಪ್ರವಾಸಿಗಳಿಗೆ 25 ಯೂರೊ, ಅದೂ ಮೇಲಿನ ಗ್ಯಾಲರಿಗೆ ಮಾತ್ರ, ಕೆಳಗಿನ ಅಂಗಳ ಪ್ರಾರ್ಥನೆಗೆ ಮೀಸಲು. ಲೂವ್ರ್ ಕೂಡ 2026ರ ಜನವರಿಯಿಂದ ಯುರೋಪಿನ ಆಚೆಯವರಿಗೆ 22 ಯೂರೊ ಇದ್ದದ್ದನ್ನು 32ಕ್ಕೆ ಏರಿಸಿದೆ. ನಿಮ್ಮ ಏಜೆಂಟ್ ಹಳೇ ದರ ಹೇಳಿದರೆ ವ್ಯತ್ಯಾಸ ಕಟ್ಟುವವರು ಯಾರು ಅಂತ ಇಲ್ಲೇ ತೀರ್ಮಾನ ಆಗಲಿ.

ಸ್ವಂತವಾಗಿ ಬುಕ್ ಮಾಡುವವರಿಗೆ ಗೂಗಲ್ ಹುಡುಕಾಟವೇ ಮೊದಲ ಗುಂಡಿ. ಮೇಲೆ ಬರುವ ನಾಲ್ಕಾರು ಫಲಿತಾಂಶ ಜಾಹೀರಾತು. ಹೆಸರಿನಲ್ಲಿ ‘ರೋಮ್’, ‘ಟಿಕೆಟ್ಸ್’, ‘ಅಫಿಷಿಯಲ್’ ಎಲ್ಲ ಇರುತ್ತವೆ, ಅಸಲಿ ತಾಣ ಮಾತ್ರ ಅಲ್ಲ. ವ್ಯಾಟಿಕನ್ ಮ್ಯೂಸಿಯಂನ ವಿಳಾಸ ‘ಡಾಟ್ ವಿಎ’ ಎಂದು ಮುಗಿಯುತ್ತದೆ, ಆ ಬಾಲ ವ್ಯಾಟಿಕನ್ ಬಿಟ್ಟು ಇನ್ಯಾರಿಗೂ ಇಲ್ಲ. ಕೊಲೊಸಿಯಂನದು ‘ಕೊಲೊಸ್ಸಿಯೊ ಡಾಟ್ ಐಟಿ’, ಲೂವ್ರ್‌ನದು ‘ಲೂವ್ರ್ ಡಾಟ್ ಎಫ್‌ಆರ್’. ಕೊಲೊಸಿಯಂ ಸಾಮಾನ್ಯ ಟಿಕೆಟ್ 18 ಯೂರೊ, ಅದರಲ್ಲೇ ರೋಮನ್ ಫೋರಂ, ಪ್ಯಾಲಟೈನ್ ಗುಡ್ಡ ಸೇರಿವೆ. 30 ದಿನ ಮುಂಚೆ ಮಾರಾಟ ಶುರುವಾಗುತ್ತದೆ. ಇದನ್ನೇ ಹಲವು ಪಟ್ಟು ಬೆಲೆಗೆ ಮಾರುತ್ತಿದ್ದರೆ ಅದರಲ್ಲಿ ಗೈಡ್ ಇದ್ದಾನೋ ಇಲ್ಲವೋ ನೋಡಿ. ರೋಬಾಟ್ ತಂತ್ರಾಂಶ ಬಳಸಿ ಕೊಲೊಸಿಯಂ ಟಿಕೆಟ್ ಬಾಚಿಕೊಂಡರು, ಅದನ್ನು ತಡೆಯಲಿಲ್ಲ ಎಂದು 2025ರಲ್ಲಿ ಇಟಲಿಯ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳ ಮೇಲೆ ಒಟ್ಟು ಸುಮಾರು 2 ಕೋಟಿ ಯೂರೊ ದಂಡ ಹಾಕಿತು. ನಿಮಗೆ ಟಿಕೆಟ್ ಸಿಗದೇ ಇದ್ದದ್ದಕ್ಕೆ ಕಾರಣ ನಿಮ್ಮ ನಿಧಾನವಷ್ಟೇ ಅಲ್ಲ.

‘ಸ್ಕಿಪ್ ದಿ ಲೈನ್’ ಅಂದರೆ ಟಿಕೆಟ್ ಕೌಂಟರಿನ ಸಾಲು ತಪ್ಪುತ್ತದೆ. ಲೋಹಶೋಧಕದ ಸಾಲು ಯಾರಿಗೂ ತಪ್ಪುವುದಿಲ್ಲ. ಮರುಮಾರಾಟಗಾರರು ಕಳಿಸುವುದು ಹೆಚ್ಚಾಗಿ ವೋಚರ್, ಟಿಕೆಟ್ ಅಲ್ಲ. ಅದನ್ನು ಟಿಕೆಟ್ಟಿಗೆ ಬದಲಿಸಿಕೊಳ್ಳಲು ಅವರು ಹೇಳಿದ ಗಲ್ಲಿಯ ಅಂಗಡಿ ಮುಂದೆ ಹೇಳಿದ ಹೊತ್ತಿಗೆ ನಿಲ್ಲಬೇಕು. ಹದಿನೈದು ನಿಮಿಷ ತಡವಾದರೆ ‘ನೋ ಶೋ’, ದುಡ್ಡು ಹೋಯಿತು.

ಕಾರ್ಡಿನ ಕೆಲಸ ಊರಲ್ಲೇ ಮುಗಿಸಿ. 2020ರಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ, ಬ್ಯಾಂಕ್ ಆ್ಯಪಿನಲ್ಲಿ ನೀವೇ ತೆರೆಯಬೇಕು. ಓಟಿಪಿ ಬರುವ ನಂಬರಿಗೆ ರೋಮಿಂಗ್ ಇಲ್ಲದೆ ರೋಮಿನಲ್ಲಿ ಕೂತು ಟಿಕೆಟ್ ತೆಗೆಯಲು ಹೋದರೆ ಆಗುವುದಿಲ್ಲ. (ಎಸ್ಟೇಟಿನಲ್ಲಿ ಕೂತವರ ಪಾಡೂ ಇದೇ: ಸಿಗ್ನಲ್ ಹುಡುಕಿ ಓಟಿಪಿ ಹಾಕುವಷ್ಟರಲ್ಲಿ ಆನ್‌ಲೈನ್ ಬುಟ್ಟಿಗೆ ಹಾಕಿದ್ದ ಟಿಕೆಟ್ ಕೈತಪ್ಪಿರುತ್ತದೆ. ಪೇಟೆಗೆ ಬಂದು ಮಾಡಿ.) ಅಲ್ಲಿ ಯಂತ್ರ ‘ರೂಪಾಯಿಯಲ್ಲೋ, ಯೂರೊದಲ್ಲೋ’ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಎಂದರೆ ಆ ಯಂತ್ರದವರದೇ ವಿನಿಮಯ ದರ, ಬಹುತೇಕ ನಿಮಗೇ ನಷ್ಟ. ಈಜಿಪ್ಟಿನ ಸರ್ಕಾರಿ ತಾಣಗಳ ಬಹಳಷ್ಟು ಕೌಂಟರುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಬೇಕು.

ಬ್ಯಾಗಿನ ತೊಂದರೆ ಕೊನೆಯ ದಿನ ಕಾಡುತ್ತದೆ. ಹೋಟೆಲ್ ಖಾಲಿ ಮಾಡಿ ಸೂಟ್‌ಕೇಸ್ ಎಳೆದುಕೊಂಡೇ ಬ್ರಿಟಿಷ್ ಮ್ಯೂಸಿಯಂಗೆ ಹೋದರೆ ಚಕ್ರದ ಪೆಟ್ಟಿಗೆಯನ್ನು ಆವರಣಕ್ಕೇ ಬಿಡುವುದಿಲ್ಲ. ಕೊಲೊಸಿಯಂನಲ್ಲಿ ಲಗೇಜ್ ಇಡುವ ಕೋಣೆಯೇ ಇಲ್ಲ. ಪೊಂಪೇಯಲ್ಲಿ 30x30x15 ಸೆಂ.ಮೀ.ಗಿಂತ ದೊಡ್ಡ ಚೀಲ ಒಳಗೆ ಹೋಗದು. ವ್ಯಾಟಿಕನ್‌ನಲ್ಲಿ ದೊಡ್ಡ ಛತ್ರಿ, ಹಣ್ಣು ಹೆಚ್ಚುವ ಚಾಕು ಕಂಡರೆ ಕೆಳಗೆ ಇಟ್ಟು ಬನ್ನಿ ಎನ್ನುತ್ತಾರೆ. ಭುಜ, ಮೊಣಕಾಲು ಮುಚ್ಚಿರಬೇಕು ಅನ್ನುವ ನಿಯಮ ವ್ಯಾಟಿಕನ್, ಕಾಂಬೋಡಿಯಾದ ಅಂಕೋರ್ ಗುಡಿಗಳು, ಬ್ಯಾಂಕಾಕ್ ಅರಮನೆ ಮೂರಕ್ಕೂ ಒಂದೇ, ಗಂಡಸರ ಚಡ್ಡಿಗೂ ಅನ್ವಯ.

ಬೇಲೂರಿನಲ್ಲಿ ನಮಗೆ ಅಭ್ಯಾಸ ಏನು? ಗೋಪುರದ ಹತ್ತಿರ ಹೋಗಿ, ಗೈಡ್ ಬೇಕಾ ಬೇಡವಾ ಅಂತ ಅಲ್ಲೇ ಚೌಕಾಸಿ. ಈ ಅಭ್ಯಾಸವನ್ನು ಬ್ಯಾಂಕಾಕಿನ ಗ್ರ್ಯಾಂಡ್ ಪ್ಯಾಲೇಸ್ ಹೊರಗೆ ತೋರಿಸಿದರೆ ಟುಕ್‌ಟುಕ್‌ನವನ ಕೈಗೆ ಸಿಕ್ಕಂತೆ. ನೀಟಾಗಿ ಇಸ್ತ್ರಿ ಅಂಗಿ ಹಾಕಿದವನೊಬ್ಬ ಬಂದು ‘ಇವತ್ತು ಪೂಜೆ, ಅರಮನೆ ಮಧ್ಯಾಹ್ನದವರೆಗೆ ಬಂದ್’ ಎನ್ನುತ್ತಾನೆ. ಅಷ್ಟರಲ್ಲಿ ಕಡಿಮೆ ಬೆಲೆಗೆ ಬೇರೆ ಬುದ್ಧನ ಗುಡಿ ತೋರಿಸಲು ಆಟೋ ಸಿದ್ಧ. ಗುಡಿಯಿಂದ ಸವಾರಿ ಹರಳಿನ ಅಂಗಡಿಗೆ, ‘ಸರ್ಕಾರಿ ಸೇಲ್, ಇವತ್ತೇ ಕೊನೆ’. ಜನ ಯಾಕೆ ನಂಬುತ್ತಾರೆಂದರೆ ಅರಮನೆಯ ಗೋಡೆ ಸುತ್ತಳತೆ 1,900 ಮೀಟರ್, ಪ್ರವಾಸಿಗಳನ್ನು ಬಿಡುವ ಬಾಗಿಲು ಉತ್ತರದ ನಾ ಫ್ರಾ ಲಾನ್ ರಸ್ತೆಯ ಕಡೆ. ಬೇರೆ ಬದಿಯಲ್ಲಿ ಇಳಿದವರಿಗೆ ಮುಚ್ಚಿದ ಬಾಗಿಲೇ ಕಾಣುತ್ತದೆ, ಅವನ ಮಾತು ನಿಜ ಅನಿಸುತ್ತದೆ. ಸಾಮಾನ್ಯ ದಿನಗಳಲ್ಲಿ ಟಿಕೆಟ್ ಬೆಳಿಗ್ಗೆ 8:30ರಿಂದ ಮಧ್ಯಾಹ್ನ 3:30ರವರೆಗೆ, 500 ಬಾತ್. ಬಂದ್ ಇದೆಯೋ ಇಲ್ಲವೋ ಅಂತ ಸಮವಸ್ತ್ರದ ಕಾವಲುಗಾರನನ್ನು ಟಿಕೆಟ್ ಬಾಗಿಲಿನಲ್ಲೇ ಕೇಳಿ. ರಸ್ತೆಯಲ್ಲಿ ಯಾರನ್ನೂ ಕೇಳಬೇಡಿ.

ಅಂಕೋರ್‌ಗೆ ಹೋಗುವವರು ಪಾಸ್ ಇಲ್ಲದೆ ಬೆಳಗಿನ ಜಾವ ಗುಡಿ ಬಾಗಿಲಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಗುಡಿಗಳ ಬಳಿ ಟಿಕೆಟ್ ಮಾರುವುದಿಲ್ಲ. ಒಂದು ದಿನಕ್ಕೆ 37, ಮೂರು ದಿನಕ್ಕೆ 62 ಡಾಲರ್, ಮೂರು ದಿನದ್ದನ್ನು 10 ದಿನದೊಳಗೆ ಬಿಡಿಬಿಡಿಯಾಗಿ ಬಳಸಬಹುದು. ಪಾಸಿನ ಮೇಲೆ ನಿಮ್ಮ ಫೋಟೋ ಇರುತ್ತದೆ, ಬೇರೆಯವರಿಗೆ ಕೊಡಲಾಗದು. ಹಳೇಬೀಡು ನೋಡಿ ಬೆಳೆದವರಿಗೆ ಅಲ್ಲಿ ಒಂದು ದಿನ ಖಂಡಿತ ಸಾಲದು, ಮೂರು ದಿನದ್ದೇ ತೆಗೆಯಿರಿ. ಶ್ರೀಲಂಕಾದ ಬಂಡೆ ಕೋಟೆ ಸಿಗಿರಿಯಕ್ಕೆ ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಹೋದರೆ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರ ರಿಯಾಯಿತಿ ಸಿಗುವುದಿಲ್ಲ. ಅಲ್ಲಿನ ಭಿತ್ತಿಚಿತ್ರಗಳ ಫೋಟೋ ತೆಗೆಯುವಂತಿಲ್ಲ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದರೆ ಪೊಲೀಸರವರೆಗೂ ಹೋಗಬಹುದು.

ಕಲ್ಲಿನ ಮೇಲೆ ಹೆಸರು ಕೆತ್ತುವ ಚಟ ಇರುವ ಹುಡುಗರನ್ನು ಕರೆದುಕೊಂಡು ಹೋಗುವವರು ಇದನ್ನು ಓದಿಸಿ: ಇಟಲಿಯ 2024ರ ಕಾನೂನಿನಲ್ಲಿ ಸ್ಮಾರಕ ಹಾಳು ಮಾಡಿದವರಿಗೆ 10,000ರಿಂದ 60,000 ಯೂರೊವರೆಗೆ ದಂಡ ಇದೆ. ಪೊಂಪೇಯಿಂದ ‘ನೆನಪಿಗೆ’ ಒಂದು ಚೂರು ಕಲ್ಲು ಜೇಬಿಗೆ ಹಾಕಿಕೊಂಡರೂ ಅಪರಾಧವೇ. ಥಾಯ್ಲೆಂಡಿನಿಂದ ಬುದ್ಧನ ಮೂರ್ತಿ ತರಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಪತ್ರ ಬೇಕು. ಅಂಗಡಿಯವನ ಬಿಲ್ಲು ಅನುಮತಿಯಲ್ಲ.

ಇಷ್ಟೆಲ್ಲ ನೋಡಿಕೊಂಡೂ ಬರಹದಲ್ಲಿ ಒಪ್ಪಿದ್ದನ್ನು ಏಜೆಂಟ್ ತೋರಿಸದಿದ್ದರೆ ದೂರು ಕೊಡಲು ಬೆಂಗಳೂರಿಗೋ ಮುಂಬೈಗೋ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಅಂದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ಸಹಾಯವಾಣಿ 1915. ಬೇಕಾಗುವುದು ಜಿಎಸ್‌ಟಿ ಬಿಲ್, ಸಹಿಯಾದ ಪಟ್ಟಿ, ಪೋಸ್ಟರು, ವಾಟ್ಸಾಪ್ ಉತ್ತರಗಳು. ‘ಬಿಲ್ ಬೇಡ ಅಂದ್ರೆ ಟಿಸಿಎಸ್ ಉಳಿಯುತ್ತೆ’ (ಪ್ಯಾಕೇಜ್ ಬೆಲೆಯ ಮೇಲೆ ಏಜೆಂಟ್ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಎನ್ನುವ ಏಜೆಂಟರ ಮಾತಿಗೆ ತಲೆಯಾಡಿಸಿದರೆ ಈ ದಾರಿ ಮುಚ್ಚಿದಂತೆಯೇ. ಟಿಸಿಎಸ್ ಎಲ್ಲೂ ಹೋಗುವುದಿಲ್ಲ. ನಿಮ್ಮ ಪ್ಯಾನ್ ನಂಬರಿಗೆ ಜಮೆಯಾಗಿ ತೆರಿಗೆ ಇಲಾಖೆಯ ಲೆಕ್ಕಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು.