ಪೈಥಾನಿನ ಸಿಟೈಪ್ಸ್: ಆರು ವರ್ಷ ಬಳಸಿದ ಮೇಲೆ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಮಸಿಯ ಕಲೆ, ಹುಳು ಕೊರೆದ ಗುರುತು ತೆಗೆದು ಓದುವಂತೆ ಮಾಡುವುದು ನನ್ನ ಕೆಲಸ. ಸಿದ್ಧ ಸಾಧನಗಳು 'ಧ'ದ ಕೆಳಗಿನ ಸಣ್ಣ ಗೀಟನ್ನೂ ಕಲೆಯೆಂದೇ ಬಗೆದು ಅಳಿಸುತ್ತಿದ್ದವು, ಧನವೆಲ್ಲ ದನವಾಗುತ್ತಿತ್ತು. ಅದಕ್ಕೇ ಕಲೆ ತೆಗೆಯುವ ಫಂಕ್ಷನ್‌ಗಳನ್ನು ನಾನೇ ಸಿ ಭಾಷೆಯಲ್ಲಿ ಬರೆದುಕೊಂಡೆ. ಉಳಿದದ್ದೆಲ್ಲ ಪೈಥಾನ್. ಎರಡನ್ನೂ ಬೆಸೆಯಲು ಆರು ವರ್ಷದಿಂದ ಸಿಟೈಪ್ಸ್ (ctypes) ಎಂಬ ಲೈಬ್ರರಿ ಬಳಸುತ್ತಿದ್ದೇನೆ. 2006ರ ಪೈಥಾನ್ 2.5ರಿಂದಲೂ ಅದು ಭಾಷೆಯ ಜೊತೆಗೇ ಬರುತ್ತದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ.

ಎ4 ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480 × 3508 ಪಿಕ್ಸೆಲ್. ಕಪ್ಪು-ಬಿಳುಪಿನ ಛಾಯೆಯಲ್ಲಿ ಸುಮಾರು 87 ಲಕ್ಷ ಬೈಟ್. ಪುಟವನ್ನು ಪೈಥಾನ್‌ನಲ್ಲಿ ಹಿಡಿದಿಡುವ ನಮ್‌ಪೈ ಅರೇಗೆ (ಸಂಖ್ಯೆಗಳ ಕೋಷ್ಟಕಕ್ಕೆ) ತನ್ನ ಅಗಲ, ಎತ್ತರ, ಒಂದು ಸಾಲಿನಿಂದ ಮುಂದಿನ ಸಾಲಿಗೆ ಎಷ್ಟು ಬೈಟ್ ದಾಟಬೇಕು ಎಂಬ ಸ್ಟ್ರೈಡ್, ಎಲ್ಲವೂ ಗೊತ್ತು. ಸಿ ಫಂಕ್ಷನ್‌ಗೆ ಸಿಗುವುದು ಮಾತ್ರ ಮೆಮೊರಿಯ ಒಂದು ವಿಳಾಸ. ಮಿಕ್ಕಿದ್ದನ್ನು ನಾವೇ ಹೇಳಬೇಕು, ತಪ್ಪು ಹೇಳಿದರೆ ಅದು ನಂಬುತ್ತದೆ.

ಮೊದಲ ವರ್ಷವೇ ಪೆಟ್ಟು ತಿಂದೆ. ಸ್ಕ್ಯಾನರ್ ಅಂಚಿನಲ್ಲಿ ಬಿಡುತ್ತಿದ್ದ ಕಪ್ಪು ಗೆರೆ ಹೋಗಲೆಂದು ಎಡಗಡೆಯ 4 ಪಿಕ್ಸೆಲ್ ಕತ್ತರಿಸಿ, ಅಗಲ 2476 ಎಂದು ಹೇಳಿ ಕಳುಹಿಸಿದೆ. ದೋಷದ ಸಂದೇಶ ಒಂದೂ ಬರಲಿಲ್ಲ. ಹೊರಬಂದ ಪುಟದಲ್ಲಿ ಅಕ್ಷರಗಳೆಲ್ಲ ಗಾಳಿಮಳೆಗೆ ಮಲಗಿದ ಪೈರಿನಂತೆ ಎಡಕ್ಕೆ ಒರಗಿದ್ದವು. ನಮ್‌ಪೈ ಕತ್ತರಿಸುವಾಗ ಪ್ರತಿ ಮಾಡುವುದಿಲ್ಲ. ಅದೇ ಮೆಮೊರಿಯನ್ನು ಬೇರೆ ಕಿಟಕಿಯಿಂದ ತೋರಿಸುತ್ತದೆ. ಸಾಲುಗಳ ಅಂತರ 2480 ಆಗಿಯೇ ಉಳಿದಿತ್ತು, ಹಾಗಾಗಿ ಪ್ರತಿ ಸಾಲೂ ತನ್ನ ಮೇಲಿನ ಸಾಲಿಗಿಂತ 4 ಪಿಕ್ಸೆಲ್ ಹೆಚ್ಚು ಜಾರಿತ್ತು. ಇದು ಹೊಳೆಯುವ ಹೊತ್ತಿಗೆ ಎರಡು ದಿನ ಕಳೆದಿದ್ದವು.

ಅಂದಿನಿಂದ, ಅರೇ ಹೇಗಿರಬೇಕೆಂದು ಪರೀಕ್ಷಿಸುವ ನಮ್‌ಪೈಯ ಎನ್‌ಡಿಪಾಯಿಂಟರ್ ಇಲ್ಲದೆ ಒಂದು ಫಂಕ್ಷನ್ನನ್ನೂ ಕರೆದಿಲ್ಲ. ಫಂಕ್ಷನ್‌ಗೆ ಕೊಡುವ ಆರ್ಗ್ಯುಮೆಂಟ್‌ಗಳ ಬಗೆ ಹೇಳುವ ಆರ್ಗ್‌ಟೈಪ್ಸ್‌ನಲ್ಲಿ ಅದರ ಮೂಲಕ 'ಎಂಟು ಬಿಟ್, ಎರಡು ಆಯಾಮ, ಮೆಮೊರಿಯಲ್ಲಿ ಸಾಲಾಗಿ ಜೋಡಿಸಿರಬೇಕು' ಎಂದು ಬರೆದಿಟ್ಟರೆ, ಕತ್ತರಿಸಿದ ಅರೇಯನ್ನೂ ಲೆಕ್ಕಾಚಾರದ ನಡುವೆ ದಶಮಾಂಶಕ್ಕೆ ತಿರುಗಿದ ಅರೇಯನ್ನೂ ಬಾಗಿಲಲ್ಲೇ ತಡೆಯುತ್ತದೆ. ಆಗ ನಮ್‌ಪೈಯ ಆಸ್‌ಕಂಟಿಗ್ಯುಯಸ್‌ಅರೇ ಬಳಸಿ, ಸಾಲಾಗಿ ಜೋಡಿಸಿದ ಪ್ರತಿ ಮಾಡಿ ಕಳುಹಿಸುತ್ತೇನೆ. ಸಿ ಫಂಕ್ಷನ್ ಸ್ಟ್ರೈಡನ್ನು ಬೇರೆಯಾಗಿ ಕೇಳುವಂತಿದ್ದರೆ ಹೀಗೆ ಪ್ರತಿ ಮಾಡುವ ಕೆಲಸವೂ ತಪ್ಪುತ್ತದೆ. ಈ ಒಂದು ಸೌಲಭ್ಯಕ್ಕಾಗಿಯೇ ಸಿಟೈಪ್ಸ್ ಮತ್ತು ನಮ್‌ಪೈ ಜೋಡಿಗೆ ನನ್ನ ಪೂರ್ಣ ಅಂಕ.

ಸಿ ಫಂಕ್ಷನ್ ಕೊಡುವ ಉತ್ತರ ಯಾವ ಬಗೆಯದೆಂದು ಹೇಳುವ ರೆಸ್‌ಟೈಪ್ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ. ಹೇಳದೆ ಬಿಟ್ಟರೆ ಸಿ ಕೊಡುವ ಉತ್ತರವನ್ನು ಇಂಟ್ (ಸಾಮಾನ್ಯವಾಗಿ 32 ಬಿಟ್‌ನ ಪೂರ್ಣಾಂಕ) ಎಂದೇ ಸಿಟೈಪ್ಸ್ ಓದುತ್ತದೆ. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ (ಮೆಮೊರಿ ವಿಳಾಸ) ಹಿಂತಿರುಗಿದರೆ ಅರ್ಧ ವಿಳಾಸ ಕತ್ತರಿಸಿಹೋಗಿ, ಮುಂದಿನ ಕರೆಯಲ್ಲಿ ಇಡೀ ಪ್ರೋಗ್ರಾಂ ಸದ್ದಿಲ್ಲದೆ ಸಾಯುತ್ತದೆ. ಪೈಥಾನಿನ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್ ಆನ್ ಮಾಡಿಟ್ಟಿರಿ, ಯಾವ ಸಾಲಿನಲ್ಲಿ ಬಿತ್ತೆಂದಾದರೂ ತಿಳಿಯುತ್ತದೆ. ಚಿತ್ರದ ಮೆಮೊರಿಯನ್ನು ಸಿ ಕೈಯಿಂದ ಪಡೆಯುವ ಗೋಜಿಗೆ ನಾನು ಹೋಗುವುದೇ ಇಲ್ಲ. ಖಾಲಿ ಅರೇಯನ್ನು ಪೈಥಾನ್‌ನಲ್ಲಿ ಮಾಡಿಕೊಟ್ಟು ಅದರಲ್ಲೇ ಬರೆ ಎನ್ನುತ್ತೇನೆ. ಯಾರು ಬಿಡುಗಡೆ ಮಾಡಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ತಾತ್ಕಾಲಿಕ ಅರೇಯ ವಿಳಾಸವನ್ನು ಮಾತ್ರ ತೆಗೆದಿಟ್ಟುಕೊಂಡು ಆಮೇಲೆ ಬಳಸಬೇಡಿ. ಅಷ್ಟರಲ್ಲಿ ಆ ಅರೇಯೇ ಇರುವುದಿಲ್ಲ.

ವೇಗದ ಬಗ್ಗೆ ದೂರಿಲ್ಲ. ಪಿಕ್ಸೆಲ್‌ಗೊಂದು ಕರೆ ಮಾಡದೆ ಇಡೀ ಪುಟವನ್ನು ಒಂದೇ ಕರೆಯಲ್ಲಿ ಕೊಡಬೇಕು, ಅಷ್ಟೇ. ಸಿಟೈಪ್ಸ್‌ನ ಸಿಡಿಎಲ್‌ಎಲ್ ಮೂಲಕ ಲೈಬ್ರರಿ ತೆರೆದು ಕರೆದಾಗ, ಒಮ್ಮೆಗೆ ಒಂದೇ ಥ್ರೆಡ್ಡನ್ನು ಓಡಲು ಬಿಡುವ ಪೈಥಾನಿನ ಬೀಗ (ಜಿಐಎಲ್) ಸಡಿಲವಾಗುವುದರಿಂದ ನಾಲ್ಕು ಥ್ರೆಡ್‌ಗಳಲ್ಲಿ ನಾಲ್ಕು ಪುಟ ಒಟ್ಟಿಗೇ ಸಾಗುತ್ತವೆ.

ಆದರೆ ಸಿಟೈಪ್ಸ್, ಫಂಕ್ಷನ್‌ಗಳ ಘೋಷಣೆ ಇರುವ ಸಿ ಹೆಡರ್ ಕಡತವನ್ನು ಓದುವುದಿಲ್ಲ. ಸಿ ಕಡೆ ಒಂದು ಆರ್ಗ್ಯುಮೆಂಟ್ ಸೇರಿಸಿ ಪೈಥಾನ್ ಕಡೆ ಮರೆತರೆ ಎಚ್ಚರಿಸುವವರಿಲ್ಲ. ಇದೇ ಕೆಲಸದ ಇನ್ನೊಂದು ಲೈಬ್ರರಿಯಾದ ಸಿಎಫ್‌ಎಫ್‌ಐಯ ಎಪಿಐ ವಿಧಾನದಲ್ಲಿ ಕಂಪೈಲರೇ ತಾಳೆ ನೋಡುತ್ತದೆ. ಹತ್ತಾರು ಫಂಕ್ಷನ್‌ಗಳ ಲೈಬ್ರರಿಯಾದರೆ ನಾನೂ ಅದನ್ನೇ ಹಿಡಿಯುತ್ತಿದ್ದೆ. ನನ್ನವು ಐದೇ ಫಂಕ್ಷನ್; ಇವುಗಳಿಗೆ ಸಿಟೈಪ್ಸ್ ಬಿಟ್ಟು ಹೋಗುವ ಯೋಚನೆ ಇಲ್ಲ.