ಟಿಟ್ಲಿಸ್ ದಿನವೋ, ಯುಂಗ್‌ಫ್ರಾವ್ ದಿನವೋ? ಕೋಚ್ ಟೂರಿನಲ್ಲಿ ಆಲ್ಪ್ಸ್‌ಗೆ ಒಂದೇ ದಿನ ಸಿಕ್ಕಾಗ

ಬೇಸಿಗೆ ರಜೆಯಲ್ಲಿ ಬೆಂಗಳೂರು, ಮೈಸೂರಿನಿಂದ ಹೊರಡುವ ಯುರೋಪ್ ಗ್ರೂಪ್ ಟೂರುಗಳಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಿಮ ನೋಡುವುದಕ್ಕೆಂದು ಎತ್ತಿಟ್ಟಿರುವುದು ಹೆಚ್ಚಾಗಿ ಒಂದೇ ದಿನ. ಆ ದಿನ ಕೋಚ್ ಎಂಗೆಲ್‌ಬರ್ಗ್ ಕಡೆ ತಿರುಗಿದರೆ ಟಿಟ್ಲಿಸ್ ಬೆಟ್ಟ, ಇಂಟರ್‌ಲಾಕನ್ ಕಡೆ ತಿರುಗಿದರೆ ಯುಂಗ್‌ಫ್ರಾವ್ ಶಿಖರದ ಪಕ್ಕದ ಯುಂಗ್‌ಫ್ರಾವ್‌ಯೋಖ್. ನಲವತ್ತು, ನಲವತ್ತೈದು ಜನರ ಗುಂಪಿನೊಂದಿಗೆ ಎರಡನ್ನೂ ಮಾಡಿ ನೋಡಿದ ಮೇಲೆ ನಮಗೆ ಖಚಿತವಾದದ್ದು ಒಂದು: ಯಾವುದು ಹೆಚ್ಚು ಎತ್ತರ ಅಂತ ನೋಡಿ ಆರಿಸಬೇಡಿ, ಆ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ನೋಡಿ ಆರಿಸಿ.

ಮೊದಲು ಎತ್ತರದ ಅಂದಾಜು. ಎಂಗೆಲ್‌ಬರ್ಗ್ ಊರು ಇರುವುದು ಸುಮಾರು 1000 ಮೀಟರ್‌ನಲ್ಲಿ, ಅಂದರೆ ಬೆಂಗಳೂರಿಗಿಂತ ಚೂರು ಮೇಲೆ. ಅಲ್ಲಿಂದ ಹೊರಟ ಗೊಂಡೊಲಾ (ತಂತಿಯ ಮೇಲೆ ಓಡುವ ಸಣ್ಣ ಡಬ್ಬಿ) 1796 ಮೀಟರ್‌ನ ಟ್ರುಬ್‌ಸೇ ನಿಲ್ದಾಣ ಮುಟ್ಟಿದಾಗಲೂ ನಮ್ಮ ಮುಳ್ಳಯ್ಯನಗಿರಿಯ (1930 ಮೀ.) ಎತ್ತರ ಇನ್ನೂ ಬಂದಿರುವುದಿಲ್ಲ. ಟಿಟ್ಲಿಸ್‌ನ ಮೇಲಿನ ನಿಲ್ದಾಣ 3020 ಮೀ., ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ 3454 ಮೀ. ಮೊದಲನೆಯದರಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 70ರ ಹತ್ತಿರ, ಎರಡನೆಯದರಲ್ಲಿ ಶೇ. 65ರ ಹತ್ತಿರ. ಕಾಗದದ ಮೇಲೆ ಸಣ್ಣ ಅಂತರ, ಆದರೆ ಅರವತ್ತು ದಾಟಿದವರಿಗೆ ಮೆಟ್ಟಿಲು ಹತ್ತುವಾಗ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನು ಕೋಚಿನ ಲೆಕ್ಕ. ಟೂರ್ ಮ್ಯಾನೇಜರ್ ಬೆಳಿಗ್ಗೆ ಏಳೂವರೆಗೇ ಎಲ್ಲರೂ ಸೀಟಿನಲ್ಲಿರಬೇಕು ಎಂದು ಹಟ ಹಿಡಿಯುವುದಕ್ಕೆ ಕಾರಣ ಟ್ಯಾಕೋಗ್ರಾಫ್, ಅಂದರೆ ಡ್ರೈವರ್ ಓಡಿಸಿದ ಮತ್ತು ಬಿಡುವು ಪಡೆದ ಹೊತ್ತನ್ನು ದಾಖಲಿಸುವ ಯಂತ್ರ. ಯುರೋಪಿನ ನಿಯಮದ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಒಟ್ಟು 45 ನಿಮಿಷ ಬಿಡುವು ಬೇಕು, ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ (ವಾರಕ್ಕೆರಡು ದಿನ 10), ಮತ್ತು 24 ಗಂಟೆಯೊಳಗೆ 11 ಗಂಟೆ ವಿಶ್ರಾಂತಿ ಕೊಡಲೇಬೇಕು. ನೀವು ಬೆಟ್ಟದ ಮೇಲಿರುವಾಗ ಕೋಚ್ ನಿಂತಿದ್ದರೂ ಆ 24 ಗಂಟೆಯ ಗಡಿಯಾರ ನಿಲ್ಲುವುದಿಲ್ಲ. ಏಳೂವರೆಗೆ ಕೆಲಸ ಶುರುವಾದರೆ ರಾತ್ರಿ ಎಂಟೂವರೆಗೆ ಹೋಟೆಲಿನ ಮುಂದೆ ಕೋಚ್ ನಿಂತಿರಬೇಕು. ಕೆಲವು ದಿನ ವಿಶ್ರಾಂತಿಯನ್ನು 9 ಗಂಟೆಗೆ ಇಳಿಸಲು ಅವಕಾಶವಿದೆ. ಆದರೆ ಹದಿನೈದು ದಿನದ ಟೂರಿನಲ್ಲಿ ಆ ಅವಕಾಶ ಪ್ಯಾರಿಸ್‌ನ ರಾತ್ರಿ ಸುತ್ತಾಟದಂಥದ್ದಕ್ಕೆ ಮೊದಲೇ ಖರ್ಚಾಗಿರುತ್ತದೆ.

ಈ ಲೆಕ್ಕದಲ್ಲಿ ಟಿಟ್ಲಿಸ್ ಸುಲಭ. ಲುಸರ್ನ್‌ನಿಂದ ಎಂಗೆಲ್‌ಬರ್ಗ್‌ಗೆ ಮುಕ್ಕಾಲು ಗಂಟೆ. ಹತ್ತಿ, ನೋಡಿ, ಊಟ ಮಾಡಿ ಇಳಿಯಲು ನಾಲ್ಕು ಗಂಟೆ ಸಾಕು. ಮಧ್ಯಾಹ್ನ ಒಂದೂವರೆ, ಎರಡಕ್ಕೆ ಮತ್ತೆ ಕೋಚಿನಲ್ಲಿರುತ್ತೀರಿ. ಲುಸರ್ನ್‌ನ ಮರದ ಸೇತುವೆ, ಸಿಂಹದ ಶಿಲ್ಪ ನೋಡಬಹುದು, ಇಲ್ಲವೇ ಮುಂದಿನ ಊರಿಗೆ ಮೂರು ಗಂಟೆ ಪ್ರಯಾಣ ಮಾಡಬಹುದು. ಯುಂಗ್‌ಫ್ರಾವ್ ಹಾಗಲ್ಲ. ಬೆಟ್ಟದ ಬುಡದ ಗ್ರಿಂಡೆಲ್‌ವಾಲ್ಡ್ ಟರ್ಮಿನಲ್‌ನಿಂದ ಮೇಲಕ್ಕೆ 45 ನಿಮಿಷ ಅಂತ ಕರಪತ್ರ ಹೇಳುವುದು ನಿಜವೇ. ಆದರೆ ಗುಂಪಿಗೆ ಟಿಕೆಟ್ ಹಂಚಿ, ಕಾದು, ಮೇಲೆ ಮೂರು ಗಂಟೆ ಕಳೆದು, ವಾಪಸ್ ರೈಲಿಗೆ ನಿಂತು ಇಳಿಯುವಷ್ಟರಲ್ಲಿ ಆರು ಗಂಟೆ ಹೋಗಿರುತ್ತದೆ. ಲುಸರ್ನ್‌ನಲ್ಲಿ ತಂಗಿದವರಿಗೆ ಬ್ರೂನಿಗ್ ಘಾಟಿ ದಾಟಿ ಹೋಗಿ ಬರುವ ಮೂರು, ಮೂರೂವರೆ ಗಂಟೆ ಅದರ ಮೇಲೆ. ಆ ದಿನ ಮತ್ತೇನೂ ಆಗುವುದಿಲ್ಲ. ಬ್ರೂನಿಗ್ ತಿರುವುಗಳಲ್ಲಿ ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸುವುದು ಖಾತ್ರಿ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ತೆಗೆದುಕೊಂಡಿರಬೇಕು, ತಿರುವು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ.

ಟಿಟ್ಲಿಸ್ ಹತ್ತುವುದು ಹೀಗೆ: 8 ಜನರ ಗೊಂಡೊಲಾದಲ್ಲಿ ಎಂಗೆಲ್‌ಬರ್ಗ್‌ನಿಂದ ಸ್ಟಾಂಡ್ ಎಂಬ ನಿಲ್ದಾಣಕ್ಕೆ (2428 ಮೀ.), ಅಲ್ಲಿಂದ ತಿರುಗುವ ಕೇಬಲ್ ಕಾರ್ ರೋಟೇರ್‌ನಲ್ಲಿ ಐದು ನಿಮಿಷ. ಗೊಂಡೊಲಾ ನಡುವೆ ಟ್ರುಬ್‌ಸೇಯಲ್ಲಿ ನಿಧಾನವಾಗಿ ಬಾಗಿಲು ತೆರೆಯುತ್ತದೆ. ಪ್ರತಿ ಗುಂಪಿನಲ್ಲೂ ಒಂದು ಡಬ್ಬಿಯವರು ಇಲ್ಲಿ ಇಳಿದುಬಿಡುತ್ತಾರೆ, ಅವರನ್ನು ಹುಡುಕುವುದರಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ. 45 ಜನ ಆರು ಡಬ್ಬಿಗಳಲ್ಲಿ ಹಂಚಿಹೋಗುವುದರಿಂದ ಪ್ರತಿ ಡಬ್ಬಿಗೂ ‘ಸ್ಟಾಂಡ್ ಬರುವ ತನಕ ಏಳಬೇಡಿ’ ಎಂದು ಹೇಳುವವರೊಬ್ಬರು ಇರಲಿ. ರೋಟೇರ್ ಒಂದು ಸಲಕ್ಕೆ ಎಪ್ಪತ್ತೈದು, ಎಂಬತ್ತು ಜನರನ್ನು ಮಾತ್ರ ಒಯ್ಯುತ್ತದೆ, ಗೊಂಡೊಲಾ ಬಿಡುವಿಲ್ಲದೆ ಜನರನ್ನು ತಂದು ಇಳಿಸುತ್ತಲೇ ಇರುತ್ತದೆ. ಹಾಗಾಗಿ ಉದ್ದನೆಯ ಸಾಲು ಕಟ್ಟುವುದು ಕೆಳಗಲ್ಲ, ಸ್ಟಾಂಡ್‌ನಲ್ಲಿ. ಒಂಬತ್ತು ಗಂಟೆಯ ಆಸುಪಾಸಿಗೆ ಗೊಂಡೊಲಾ ಹತ್ತಿದರೆ ತಪ್ಪಿಸಿಕೊಳ್ಳಬಹುದು, ಹತ್ತೂವರೆಗೆ ಬಂದರೆ ಕಷ್ಟ. ಕೇಬಲ್ ಕಾರ್ ಒಂದು ಪೂರ್ತಿ ಸುತ್ತು ತಿರುಗುವುದರಿಂದ ಕಿಟಕಿಗಾಗಿ ನೂಕಾಡಬೇಕಿಲ್ಲ, ಎಲ್ಲರಿಗೂ ಎಲ್ಲ ದಿಕ್ಕೂ ಕಾಣುತ್ತದೆ.

ಮೇಲೆ ಮಂಜಿನ ಗುಹೆ (150 ಮೀ., ಒಳಗೆ ಸೊನ್ನೆಗಿಂತ ಚೂರು ಕೆಳಗೆ) ಮತ್ತು 2012ರಲ್ಲಿ ತೆರೆದ ಕ್ಲಿಫ್ ವಾಕ್ ತೂಗುಸೇತುವೆ ಇವೆ. ಸೇತುವೆ 100 ಮೀ. ಉದ್ದ, ಅಗಲ ಒಂದೇ ಮೀಟರ್. ಎದುರಿನಿಂದ ಬರುವವರಿಗೆ ದಾರಿ ಬಿಡಲು ಪಕ್ಕಕ್ಕೆ ತಿರುಗಿ ನಿಲ್ಲಬೇಕು, ಗಾಳಿ ಜೋರಾದರೆ ಮುಚ್ಚುತ್ತಾರೆ. ಮಕ್ಕಳಿಗೆ ಟಿಟ್ಲಿಸ್ ಖುಷಿ ಕೊಡುತ್ತದೆ, ಹಿಮದಲ್ಲಿ ಆಡುವುದಕ್ಕೆ ಬಯಲು ಜಾಗ ಹತ್ತಿರದಲ್ಲೇ ಇದೆ.

ಯುಂಗ್‌ಫ್ರಾವ್ ಇನ್ನೊಂದು ತೂಕದ ಅನುಭವ. 2020ರ ಡಿಸೆಂಬರ್‌ನಿಂದ ಓಡುತ್ತಿರುವ ಐಗರ್ ಎಕ್ಸ್‌ಪ್ರೆಸ್ ಎಂಬ 26 ಜನರ ಡಬ್ಬಿಯಲ್ಲಿ 15 ನಿಮಿಷಕ್ಕೆ ಐಗರ್‌ಗ್ಲೆಚರ್ ನಿಲ್ದಾಣ ಮುಟ್ಟುತ್ತೀರಿ, ಇಡೀ ಗುಂಪಿಗೆ ಎರಡು ಡಬ್ಬಿ ಸಾಕು. ಅಲ್ಲಿಂದ ರೈಲು, ಐಗರ್ ಮತ್ತು ಮೋಂಖ್ ಪರ್ವತಗಳ ಹೊಟ್ಟೆಯೊಳಗೆ ಕೊರೆದ ಸುರಂಗದಲ್ಲಿ. ಉದ್ಯಮಿ ಅಡಾಲ್ಫ್ ಗುಯರ್ ಝೆಲ್ಲರ್ ಯೋಜಿಸಿದ, 1896ರಲ್ಲಿ ಕೆಲಸ ಶುರುವಾಗಿ 1912ರ ಆಗಸ್ಟ್ 1ರಂದು ಮುಗಿದ ದಾರಿ ಇದು. ಹಳಿಗಳ ನಡುವಿನ ಹಲ್ಲುಪಟ್ಟಿಗೆ ಗಾಲಿಯ ಹಲ್ಲು ಕಚ್ಚಿಕೊಂಡು ರೈಲು ಏರುತ್ತದೆ. ಹೋಗುವಾಗ 3160 ಮೀಟರ್‌ನ ಐಸ್‌ಮೇರ್‌ನಲ್ಲಿ ಐದು ನಿಮಿಷ ನಿಲ್ಲುತ್ತದೆ. ಇಳಿದು ಕಿಟಕಿಯ ತನಕ ನಿಧಾನ ನಡೆಯಿರಿ, ಓಡಬೇಡಿ. ಮೇಲೆ ತಲೆನೋವು ಬಂತೆನ್ನುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ನೀರು ಕುಡಿಯದವರು ಅಥವಾ ಇಲ್ಲಿ ಓಡಾಡಿದವರು.

ಆ ಎತ್ತರದಲ್ಲಿ ಕಾಣುವುದಕ್ಕೆ ಟಿಟ್ಲಿಸ್‌ನಲ್ಲಿ ಸಾಟಿಯಿಲ್ಲ. ಲಿಫ್ಟ್ ನಿಮ್ಮನ್ನು ಅರೆ ನಿಮಿಷದೊಳಗೆ 108 ಮೀಟರ್ ಎತ್ತಿ ಸ್ಫಿಂಕ್ಸ್ ಎಂಬ ವೀಕ್ಷಣಾ ಕಟ್ಟೆಗೆ ತಂದರೆ, ಕೆಳಗೆ ಅಲೆಚ್ ಹಿಮನದಿ ಸುಮಾರು 20 ಕಿ.ಮೀ. ದೂರಕ್ಕೆ ಬಾಗುತ್ತಾ ಹೋಗುತ್ತದೆ. ಇಡೀ ಆಲ್ಪ್ಸ್‌ನಲ್ಲೇ ಅತಿ ಉದ್ದದ ಹಿಮನದಿ, 2001ರಿಂದ ವಿಶ್ವ ಪರಂಪರೆಯ ತಾಣ. ಆಲ್ಪ್ಸ್‌ನ ಹಿಮನದಿಗಳೆಲ್ಲ ಕರಗುತ್ತಿವೆ, ಇದೂ ಹಿಂದೆ ಸರಿಯುತ್ತಿದೆ. ನೋಡುವ ಅವಕಾಶ ಇರುವವರು ಸಾಕಷ್ಟು ಹೊತ್ತು ನಿಂತು ನೋಡಬೇಕು ಅನ್ನಿಸುತ್ತದೆ.

ಇಲ್ಲಿ ಆಗುವ ತಪ್ಪುಗಳೇ ಬೇರೆ. ಗ್ರಿಂಡೆಲ್‌ವಾಲ್ಡ್ ಟರ್ಮಿನಲ್‌ನಿಂದಲೇ ಮ್ಯಾನ್ಲಿಖೆನ್ ಬೆಟ್ಟದ ಗೊಂಡೊಲಾ ಕೂಡ ಹೊರಡುತ್ತದೆ, ತಪ್ಪು ಸಾಲಿನಲ್ಲಿ ನಿಂತವರು ಬೇರೆಯೇ ಬೆಟ್ಟಕ್ಕೆ ಹೋಗುತ್ತಾರೆ. ಗುಂಪಿನ ಸೀಟು ಕಾಯ್ದಿರಿಸಿರುವುದು ನಿರ್ದಿಷ್ಟ ರೈಲಿಗೆ, ತಡವಾದರೆ ಆ ಸೀಟುಗಳು ಹೋದವು. ಇಳಿಯುವಾಗ ಸುಸ್ತಾಗಿ ನಿದ್ದೆ ಹೋದವರು ಐಗರ್‌ಗ್ಲೆಚರ್‌ನಲ್ಲಿ ಇಳಿಯದೆ ಮುಂದಿನ ನಿಲ್ದಾಣವಾದ ಕ್ಲೈನೆ ಶೈಡೆಗ್‌ಗೆ ಹೋಗಿಬಿಡುತ್ತಾರೆ. ಅಲ್ಲಿಂದ ಗ್ರಿಂಡೆಲ್‌ವಾಲ್ಡ್ ಕಡೆಯ ರೈಲು ಹಿಡಿಯಬೇಕು, ಲೌಟರ್‌ಬ್ರುನೆನ್ ರೈಲು ಹತ್ತಿದರೆ ಕೋಚ್ ಇನ್ನೊಂದು ಕಣಿವೆಯಲ್ಲಿ ಕಾಯುತ್ತಿರುತ್ತದೆ.

ಗಾಳಿಯ ವಿಷಯದಲ್ಲಿ ಮಾತ್ರ ಯುಂಗ್‌ಫ್ರಾವ್ ಮೇಲುಗೈ. ಗಾಳಿಗೆ ರೋಟೇರ್ ನಿಂತರೆ ಟಿಟ್ಲಿಸ್‌ನಲ್ಲಿ ಸ್ಟಾಂಡ್‌ನಿಂದ ಮೇಲಕ್ಕೆ ರೈಲಿನ ದಾರಿಯಿಲ್ಲ. ಐಗರ್ ಎಕ್ಸ್‌ಪ್ರೆಸ್ ನಿಂತರೆ ಕ್ಲೈನೆ ಶೈಡೆಗ್ ಮೂಲಕ ರೈಲಿದೆ, ಹೊತ್ತು ಹೆಚ್ಚಾಗುತ್ತದೆ ಅಷ್ಟೆ.

ಊಟಕ್ಕೆ ಎರಡರಲ್ಲೂ ತೊಂದರೆಯಿಲ್ಲ, ಗುಂಪುಗಳಿಗೆ ಭಾರತೀಯ ಊಟ ಮೇಲೆಯೇ ಸಿಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿದ್ದರೆ ಹಿಂದಿನ ದಿನವೇ ತಿಳಿಸಿ. ದುಡ್ಡಿನ ಅಂತರ ದೊಡ್ಡದು: ಟಿಟ್ಲಿಸ್ ಟಿಕೆಟ್ 100 ಫ್ರಾಂಕ್ ಆಸುಪಾಸು, ಯುಂಗ್‌ಫ್ರಾವ್ ಬೇಸಿಗೆಯಲ್ಲಿ 200 ದಾಟುತ್ತದೆ. ಕಪ್ಪು ಕನ್ನಡಕ, ನೀರು ಹೀರದ ಶೂ, ಎರಡು ಜೊತೆ ಕಾಲುಚೀಲ ಎರಡಕ್ಕೂ ಬೇಕು. ಕ್ಯಾನ್ವಾಸ್ ಶೂ ಹಾಕಿದವರು ಅರ್ಧ ಗಂಟೆಯಲ್ಲಿ ಒಳಗೆ ಬಂದು ಕೂರುತ್ತಾರೆ.

ಒಂದೇ ರಾತ್ರಿ ತಂಗಿ ಮುಂದೆ ಹೋಗುವ ಟೂರು, ಗುಂಪಿನಲ್ಲಿ ಪುಟ್ಟ ಮಕ್ಕಳು, ಅಜ್ಜ ಅಜ್ಜಿಯರು ಇದ್ದರೆ ಟಿಟ್ಲಿಸ್ ಆರಿಸಿ. ಹೃದಯದ, ಶ್ವಾಸಕೋಶದ ತೊಂದರೆ ಇರುವವರು ಎರಡಕ್ಕೂ ಮೊದಲು ವೈದ್ಯರನ್ನು ಕೇಳಬೇಕು. ಅಂಥವರಿಗೆ 1871ರಿಂದ ಹಲ್ಲುಪಟ್ಟಿ ರೈಲು ಓಡುತ್ತಿರುವ, 1798 ಮೀಟರ್‌ನ ರಿಗಿ ಬೆಟ್ಟ ಒಳ್ಳೆಯದು. ಇಂಟರ್‌ಲಾಕನ್ ಕಡೆ ಎರಡು ರಾತ್ರಿ ಇದ್ದರೆ ಎರಡನೆಯ ಮಾತಿಲ್ಲದೆ ಯುಂಗ್‌ಫ್ರಾವ್. ಎರಡು ರಾತ್ರಿಯ ದೊಡ್ಡ ಲಾಭ ಹವಾಮಾನಕ್ಕೆ ಸಂಬಂಧಿಸಿದ್ದು: ಬೆಳಿಗ್ಗೆ ಆರೂವರೆಗೆ ಬೆಟ್ಟದ ಲೈವ್ ಕ್ಯಾಮೆರಾ ನೋಡಿ. ತೆರೆ ಪೂರ್ತಿ ಬೆಳ್ಳಗಿದ್ದರೆ ಅಂದು ಊರು ಸುತ್ತಿ, ಬೆಟ್ಟವನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು. ಇಂಥ ಅದಲುಬದಲಿಗೆ ಟಿಕೆಟ್ ಒಪ್ಪುತ್ತದೆಯೇ, ಗುಂಪಿನ ಕಾಯ್ದಿರಿಸುವಿಕೆಯನ್ನು ಹಿಂದಿನ ದಿನ ಎಷ್ಟು ಗಂಟೆಯೊಳಗೆ ಬದಲಿಸಬಹುದು ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಟೂರ್ ಕಂಪನಿಯಿಂದ ಬರೆಸಿಕೊಳ್ಳಿ.