ಒಂದೇ ಬೀದಿ, ಮೂರು ನಕ್ಷೆ

ಎಂಟು ವರ್ಷ ಇದ್ದ ಬೀದಿಯನ್ನು ಬಿಟ್ಟು ಹೊರಡುವ ಮೊದಲು ಅದರ ನಕ್ಷೆಯನ್ನು ನನ್ನ ಕೈಯಲ್ಲೇ ಬರೆದಿಟ್ಟುಕೊಳ್ಳಬೇಕು ಅನ್ನಿಸಿತು. ಯಾವ ರೀತಿ ಒಳ್ಳೆಯದು ಅಂತ ತಿಳಿಯಲು ಮೂರು ಬಗೆಯಲ್ಲಿ ಬರೆದು ನೋಡಿದೆ: ನೆನಪಿನಿಂದ, ಹೆಜ್ಜೆ ಎಣಿಸಿ, ಕೊನೆಗೆ ಟ್ರೇಸಿಂಗ್ ಹಾಳೆ ಇಟ್ಟು.

ಟ್ರೇಸಿಂಗ್ ಸುಲಭ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯಿಂದ ಪ್ರಿಂಟ್ ತೆಗೆದು, ಹಾಳೆ ಇಟ್ಟು ಗೆರೆ ಎಳೆದೆ. ಅರ್ಧ ಗಂಟೆಯಲ್ಲಿ ಮುಗಿಯಿತು. ತಿರುವುಗಳೆಲ್ಲ ಸರಿಯಾಗಿವೆ. ಆದರೆ ಆ ಬೀದಿಗೆ ಕಾಲಿಡದವರೂ ಇದನ್ನು ಹೀಗೇ ಬರೆಯಬಹುದು, ಅಲ್ವಾ?

ಹೆಜ್ಜೆ ಎಣಿಸುವುದಕ್ಕೆ ಶ್ರಮ ಜಾಸ್ತಿ. ಮೊದಲು ಟೇಪ್ ಹಿಡಿದು ನನ್ನ ಹೆಜ್ಜೆ ಅಳೆದೆ: ಹತ್ತು ಹೆಜ್ಜೆಗೆ 7 ಮೀಟರ್. ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ.ಗೆ 10 ಮೀಟರ್ ಲೆಕ್ಕ ಇಟ್ಟುಕೊಂಡೆ. ದಿಕ್ಸೂಚಿಯನ್ನು ಕಬ್ಬಿಣದ ಗೇಟಿನ ಪಕ್ಕ ಹಿಡಿದರೆ ಮುಳ್ಳು ಬೇರೆ ಕಡೆ ತಿರುಗುತ್ತದೆ, ರಸ್ತೆ ಮಧ್ಯಕ್ಕೆ ಬಂದೇ ನೋಡಬೇಕು. ಈ ನಿಧಾನ ನನಗೆ ತುಂಬಾ ಇಷ್ಟವಾಯಿತು. ಒಂದು ಕಾಂಪೌಂಡ್ ಗೋಡೆ ಮರಕ್ಕೆ ಜಾಗ ಬಿಟ್ಟು ಒಳಕ್ಕೆ ಬಾಗಿದೆ. ಎಂಟು ವರ್ಷ ಅದರ ಮುಂದೆಯೇ ಓಡಾಡಿದರೂ ಅದು ಕಣ್ಣಿಗೆ ಬಿದ್ದಿದ್ದು ಎಣಿಸುವಾಗಲೇ.

ಆದರೂ ನಾನು ಇಟ್ಟುಕೊಳ್ಳುವುದು ನೆನಪಿನ ನಕ್ಷೆಯನ್ನೇ. ಮನೆಯಿಂದ ಮೂಲೆಗೆ 64 ಹೆಜ್ಜೆ, ಅಂದರೆ ಸುಮಾರು 45 ಮೀಟರ್. ಮೂಲೆಯಿಂದ ಬಸ್ ನಿಲ್ದಾಣಕ್ಕೆ 210 ಹೆಜ್ಜೆ. ನೆನಪಿನಿಂದ ಬರೆದಾಗ ಆ 64 ಹೆಜ್ಜೆಯ ದಾರಿಯೇ ಮುಕ್ಕಾಲು ಹಾಳೆ ತುಂಬಿಬಿಟ್ಟಿದೆ! ಮಗಳು ನಡೆಯಲು ಕಲಿತಿದ್ದು ಅಲ್ಲೇ. ಒಂದೊಂದು ಗೇಟಿನ ಮುಂದೆಯೂ ನಿಂತು ಸರಳು ಹಿಡಿದು ಅಲ್ಲಾಡಿಸುತ್ತಿದ್ದಳು. ಹಾಗಾಗಿ ಏಳು ಗೇಟೂ ಸಾಲಾಗಿ, ಬಣ್ಣ ಸಮೇತ ನೆನಪಾದವು. ಬಸ್ಸಿಗೆ ಓಡುತ್ತಿದ್ದ ದಾರಿ ಸುಮ್ನೆ ಒಂದು ಗೆರೆ.

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಮೂರು ನಗರಗಳ ಜನರಿಂದ ಹೀಗೆ ನೆನಪಿನ ನಕ್ಷೆ ಬರೆಸಿ, ಅದರ ಅಧ್ಯಯನವನ್ನು 1960ರಲ್ಲಿ ಪ್ರಕಟಿಸಿದರು. ಜನರ ಮನಸ್ಸಿನಲ್ಲಿ ಊರು ನಿಲ್ಲುವುದು ದಾರಿ, ಅಂಚು, ವಲಯ, ಕೂಡುವ ಜಾಗ, ಹೆಗ್ಗುರುತು ಈ ಐದರಿಂದ ಅಂದರು. ನನ್ನ ಹಾಳೆಯಲ್ಲಿ ಹೆಗ್ಗುರುತು ಅಂದರೆ ಆ ಗೇಟುಗಳೇ.

ಮೂರನ್ನೂ ಮಾಡುವವರು ದಯವಿಟ್ಟು ನೆನಪಿನಿಂದಲೇ ಶುರು ಮಾಡಿ. ಮನೆ ಹಿಂದಿನ ಗಲ್ಲಿಯನ್ನು ನಾನು ಪ್ರಿಂಟ್ ನೋಡಿದ ಮೇಲೆ ಬರೆದೆ. ಕೈ ತಾನಾಗೇ ಸರಿಯಾದ ತಿರುವಿಗೆ ಹೋಯಿತು. ಅದು ಮೊದಲು ನನ್ನ ತಲೆಯಲ್ಲಿ ಹೇಗಿತ್ತು ಅನ್ನುವುದು ಇನ್ನು ಸಿಗುವುದಿಲ್ಲ. ಆ ಬೇಸರ ಈಗಲೂ ಇದೆ.

ಬೀದಿಯ ನೆನಪಿನ ನಕ್ಷೆಗೆ ಬೆಳಕಿಗೆ ಮಾಸದ ಪಿಗ್ಮೆಂಟ್ ಇಂಕ್ ಹಾಕಿದೆ. ಅಳತೆ ತಿದ್ದಲಿಲ್ಲ. ಹಿಂಬದಿಯಲ್ಲಿ ತಾರೀಖಿನ ಕೆಳಗೆ 64, 210 ಅಂತ ಮಾತ್ರ ಬರೆದಿಟ್ಟಿದ್ದೇನೆ.